ಬೂದಿ ಹಾಕಿದ ಪೂಲು

ಕಾಂಕ್ರೀಟು ಎಷ್ಟು ಗಟ್ಟಿ ಎಂದು ಅಳೆಯಲು ಯಂತ್ರವಿದೆ. ಎಷ್ಟು ವರ್ಷ ಬಾಳುತ್ತದೆ ಎಂದು ಅಳೆಯಲು ಯಾವ ಯಂತ್ರವೂ ಇಲ್ಲ, ಕಾದು ನೋಡಬೇಕು. ನನ್ನ ನೌಕರಿಯೆಲ್ಲ ಆ ಕಾಯುವಿಕೆಯ ತಳಮಳದಲ್ಲೇ ಕಳೆಯಿತು. ಈಗಲೂ ಬಸ್ಸಿನಲ್ಲಿ ಕೂತಾಗ ಸೇತುವೆ ಬಂದರೆ ಕಿಟಕಿಯಿಂದ ಬಗ್ಗಿ ಅದರ ಕಾಲು ನೋಡುತ್ತೇನೆ. ನಮ್ಮ ಯಜಮಾನರಿಗೆ ಇದು ದೊಡ್ಡ ಬೇಸರ. "ನಿನ್ನ ಜೋಡಿ ಬೀಗರ ಊರಿಗೆ ಹೊಂಟ್ರ ದಾರ್ಯಾಗಿನ ಪೂಲೆಲ್ಲಾ ಮಾತಾಡಿಸಿಕೊಂಡ ಹೋಗಬೇಕು" ಎನ್ನುತ್ತಾರೆ.

ಹೊಸದಾಗಿ ಕೆಲಸಕ್ಕೆ ಸೇರಿದ ಕೆಲವರು ನನ್ನ ಅನುಭವ ಬರೆದುಕೊಡಿ ಎಂದು ಕೇಳಿದ್ದಾರೆ. ಯಾವಾಗ ಬಡ್ತಿ ಸಿಕ್ಕಿತು, ಎಲ್ಲಿಗೆ ವರ್ಗವಾಯಿತು ಎಂಬುದು ಅವರಿಗೆ ಉಪಯೋಗವಿಲ್ಲ. ಒಂದು ಸಣ್ಣ ಪೂಲಿನ ವಿಷಯ ಬರೆಯುತ್ತೇನೆ. ನಮ್ಮ ಕಡೆ ಸೇತುವೆಗೆ ಪೂಲು ಎನ್ನುತ್ತಾರೆ. ಅದರ ಕಾಂಕ್ರೀಟಿನಲ್ಲಿ ಸಿಮೆಂಟಿನ ಒಂದು ಪಾಲು ತೆಗೆದು ಭತ್ತದ ಹೊಟ್ಟಿನ ಬೂದಿ ಹಾಕಿದ್ದೆವು. ಅದಕ್ಕಾಗಿ ನಾನು ಬೈಸಿಕೊಂಡಷ್ಟು ಬೇರಾವುದಕ್ಕೂ ಬೈಸಿಕೊಂಡಿಲ್ಲ.

ನಾನು ಬನಹಟ್ಟಿಯ ನೇಕಾರರ ಮನೆಯವಳು, ಯಜಮಾನರೂ ನೇಕಾರರೇ. ಡಿಪ್ಲೊಮಾ ಮುಗಿಸಿ ಇಲಾಖೆ ಸೇರಿ, ಕೆಲವು ವರ್ಷ ಅಲ್ಲಿ ಇಲ್ಲಿ ತಿರುಗಿ, ಬಾಗಲಕೋಟೆ ಹೊಸ ಜಿಲ್ಲೆಯಾದ ಸುಮಾರಿಗೆ ಜಮಖಂಡಿಯ ಗುಣಮಟ್ಟ ಪರೀಕ್ಷೆಯ ಪ್ರಯೋಗಶಾಲೆಗೆ ಬಂದೆ. ಆಗ ಆಲಮಟ್ಟಿಯ ಹಿನ್ನೀರು ಏರುತ್ತಿತ್ತು. ಬೀಳಗಿ ತಾಲೂಕಿನಲ್ಲಿ ಅನಗವಾಡಿಯ ಸುತ್ತಮುತ್ತ, ಕೃಷ್ಣೆಯ ದಂಡೆಗುಂಟ ರಸ್ತೆ, ಪೂಲು, ಹೊಸ ಊರುಗಳ ಕೆಲಸ ಒಂದೇ ಸಮನೆ ನಡೆದಿತ್ತು. ಎಲ್ಲ ಕಡೆಯಿಂದ ಕಾಂಕ್ರೀಟಿನ ಚೌಕ ಅಚ್ಚುಗಳು ಗೋಣಿಚೀಲದಲ್ಲಿ ಸುತ್ತಿಕೊಂಡು ನಮ್ಮಲ್ಲಿಗೆ ಬರುತ್ತಿದ್ದವು. ಅವನ್ನು ನೀರಿನ ತೊಟ್ಟಿಯಲ್ಲಿ ನೆನೆಯಿಟ್ಟು, ಇಪ್ಪತ್ತೆಂಟನೆಯ ದಿನ ಯಂತ್ರದಲ್ಲಿ ಹಿಂಡಿ ಒಡೆಯುವುದು ನಮ್ಮ ಕೆಲಸ. ಪ್ರಯೋಗಶಾಲೆ ಎಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ತಗಡಿನ ಎರಡು ಕೋಣೆ, ಕೈಯಿಂದ ಒತ್ತುವ ಒಂದು ಯಂತ್ರ, ನಾನು, ಸಹಾಯಕ ದಸ್ತಗೀರ. ಮೊದಲ ವಾರ ಅಚ್ಚು ಒಡೆಯುವುದನ್ನು ಹತ್ತಿರದಿಂದ ನೋಡಬೇಕೆಂದು ಬಗ್ಗಿದೆ. ಅದು ಸಿಡಿದು ಹಣೆಗೆ ಬಡಿಯಿತು. ದಸ್ತಗೀರ ಅರಿಸಿನ ತಂದು ಒತ್ತುತ್ತ, "ಅದು ಸಾಯೂ ಮುಂದ ಹತ್ರ ನಿಲ್ಲಬಾರದ್ರಿ ಬಾಯಾರ" ಎಂದ.

ನಮ್ಮ ಮೇಲಧಿಕಾರಿ ಜೋಶಿ ಸಾಹೇಬರು ಕೂತು ಮಾತಾಡಿದ್ದನ್ನು ನಾನು ಕಂಡಿಲ್ಲ. ಕುರ್ಚಿ ಇದ್ದರೂ ಅದರ ಬೆನ್ನು ಹಿಡಿದು ನಿಲ್ಲುತ್ತಿದ್ದರು. ಒಂದು ದಿನ ಜೀಪಿನಲ್ಲಿ ನನ್ನನ್ನು ಮುಧೋಳದ ಕಡೆ ಕರೆದುಕೊಂಡು ಹೋದರು. ರಸ್ತೆಯ ಎರಡೂ ಬದಿ ಕಬ್ಬು. ಕೆನಾಲಿನ ನೀರು ವರ್ಷಗಟ್ಟಲೆ ನಿಂತು ನಿಂತು ಕೆಲವು ಹೊಲಗಳು ಸವಳಾಗಿದ್ದವು. ಎರಿ ಭೂಮಿಯ ಕಪ್ಪು ಮಣ್ಣಿನ ಮೇಲೆ ಉಪ್ಪು ಚೆಲ್ಲಿದಂತೆ ಬೆಳ್ಳಗೆ ಪದರು. ಅಂಥ ಹೊಲಗಳ ನಡುವಿನ ಹಳ್ಳದಲ್ಲಿ ಒಂದು ಪೂಲಿನ ಕೆಳಗೆ ಇಳಿದು, ಸಾಹೇಬರು ಕಾಂಕ್ರೀಟಿನ ಬುಡಕ್ಕೆ ಹೆಬ್ಬೆರಳು ಒತ್ತಿದರು. ಒಣಗಿದ ಬೆಲ್ಲದ ಹೆಂಟೆಯಂತೆ ಉದುರಿತು.

"ನೋಡ್ರಿ ಬಾಯಾರ. ಅಚ್ಚು ಒಡದಾಗ ಇದು ಪಾಸ್ ಆಗಿತ್ತು. ನಿಮ್ಮ ಯಂತ್ರ ಛಲೋ ಅದ ಅಂತ ಹೇಳಿತ್ತು."

"ಹಂಗಾದ್ರ ಏನ್ ಮಾಡೂದ್ರಿ ಸರ?"

"ಅದ ನಂಗೂ ತಿಳೀವಲ್ದು. ನಿದ್ದಿ ಹತ್ತವಲ್ದು."

ಉತ್ತರವನ್ನು ಅವರು ಎಲ್ಲಿಂದಲೋ ಓದಿಕೊಂಡು ಬಂದರು. ಸಿಮೆಂಟು ಬಿಗಿಯುವಾಗ ಅದರಿಂದ ಸುಣ್ಣ ಬಿಡುಗಡೆಯಾಗುತ್ತದೆ. ಸವಳು ನೆಲದ ಲವಣಗಳು ಒಳಗಿನ ಸಣ್ಣ ತೂತುಗಳ ಮೂಲಕ ಹೋಗಿ ಆ ಸುಣ್ಣದ ಜೊತೆ ಸೇರಿ ಉಬ್ಬುತ್ತವೆ, ಕಾಂಕ್ರೀಟು ಒಳಗಿನಿಂದಲೇ ಸೀಳುತ್ತದೆ. ಭತ್ತದ ಹೊಟ್ಟನ್ನು ಸರಿಯಾಗಿ ಸುಟ್ಟರೆ ಸಿಗುವ ಬೂದಿ ಆ ಸುಣ್ಣವನ್ನು ಮೊದಲೇ ಹೀರಿಕೊಂಡು ಗಟ್ಟಿಯಾಗುತ್ತದೆ, ತೂತುಗಳನ್ನೂ ತುಂಬುತ್ತದೆ. ಬರೆದವರು ಹಾಗೆ ಬರೆದಿದ್ದರು. ಆದರೆ 'ಸರಿಯಾಗಿ ಸುಟ್ಟರೆ' ಎಂಬ ಮಾತನ್ನು ಸಾಹೇಬರು ಅವಸರದಲ್ಲಿ ದಾಟಿ ಹೋಗಿದ್ದರು.

ಭತ್ತ ನಮ್ಮ ಕಡೆ ಬೆಳೆಯುವುದಿಲ್ಲ. ತುಂಗಭದ್ರೆಯ ದಂಡೆಯ ಯಾವುದೋ ಅಕ್ಕಿ ಗಿರಣಿಯ ಬಾಯ್ಲರಿನಿಂದ ಲಾರಿಯಲ್ಲಿ ಬೂದಿ ತರಿಸಿದರು. ಅದು ಕಾಡಿಗೆಯಂತೆ ಕಪ್ಪಗಿತ್ತು. ಅಳತೆಯ ನೀರು ಹಾಕಿ ಕಲಸಿದರೆ ಕಾಂಕ್ರೀಟು ಚುರುಮುರಿಯಂತೆ ಒಣಒಣ. ಗಾರೆ ಕೆಲಸದ ಗೌಂಡಿ ನಮ್ಮ ಕಣ್ಣು ತಪ್ಪಿಸಿ ಒಂದು ಕೊಡ ನೀರು ಸುರಿದೇಬಿಟ್ಟ. ಅಚ್ಚುಗಳು ಇರಬೇಕಾದ ಗಟ್ಟಿತನದ ಅರ್ಧಕ್ಕೇ ಪುಡಿಯಾದವು. ಸಾಹೇಬರು ಕಪ್ಪು ಪುಡಿಯನ್ನು ಅಂಗೈಯಲ್ಲಿ ಹಿಡಿದು ನಿಂತು, "ಇದು ಬೂದಿ ಅಲ್ರಿ, ಇದ್ದಲಿ. ನಾ ಇದ್ದಲಿ ತರಿಸೀನಿ" ಎಂದು ತಮ್ಮನ್ನೇ ಬೈದುಕೊಂಡರು.

ಆಮೇಲೆ ಕಲಿತೆವು. ಗಾಳಿಯಾಡುವಂತೆ ನಿಧಾನವಾಗಿ ಸುಡಬೇಕು. ಉರಿ ಕಡಿಮೆಯಾದರೆ ಇದ್ದಲು ಉಳಿಯುತ್ತದೆ, ಅತಿಯಾದರೆ ಬೂದಿ ಹರಳುಗಟ್ಟಿ ನಿಷ್ಪ್ರಯೋಜಕವಾಗುತ್ತದೆ. ಪಾರಿವಾಳದ ರೆಕ್ಕೆಯ ಬಣ್ಣಕ್ಕೆ ಬಂದರೆ ಸರಿ. ಅದನ್ನು ಲೋಕಾಪುರದ ಕಡೆ ಸುಣ್ಣದಕಲ್ಲು ಅರೆಯುವ ಗಿರಣಿಯೊಂದಕ್ಕೆ ಕೊಟ್ಟು ಮುಖದ ಪೌಡರಿನಷ್ಟು ನುಣ್ಣಗೆ ಅರೆಸಿದೆವು. ನೀರಿನ ಆಸೆ ಅದಕ್ಕೆ ಆಗಲೂ ಹೆಚ್ಚೇ. ಕಾಂಕ್ರೀಟನ್ನು ಸಡಿಲಗೊಳಿಸುವ ದ್ರಾವಣ ಬೆರೆಸಿದ ಮೇಲೆ ನೀರು ಹೆಚ್ಚಿಸದೆ ಕಲಸಲು ಬಂತು. ಬೂದಿಯ ಅಚ್ಚುಗಳನ್ನೂ ಬರೀ ಸಿಮೆಂಟಿನ ಅಚ್ಚುಗಳನ್ನೂ ಅಕ್ಕಪಕ್ಕದ ತೊಟ್ಟಿಗಳಲ್ಲಿ ಲವಣದ ನೀರಿನಲ್ಲಿ ಮುಳುಗಿಸಿಟ್ಟೆವು. ತಿಂಗಳುಗಟ್ಟಲೆ ದಸ್ತಗೀರ ಆ ನೀರು ಬದಲಿಸುತ್ತಿದ್ದ, ಅವನ ಅಂಗೈಗಳು ಬಿರುಕು ಬಿಟ್ಟವು. ಬರೀ ಸಿಮೆಂಟಿನ ಅಚ್ಚುಗಳ ಮೂಲೆಗಳು ಮೊದಲು ದುಂಡಗಾದವು, ಆಮೇಲೆ ಉದುರಿದವು. ಬೂದಿಯವುಗಳ ಅಂಚು ಚೂಪಾಗಿಯೇ ಉಳಿಯಿತು. ಸಾಹೇಬರು ಆ ಅಂಚಿನ ಮೇಲೆ ಬೆರಳು ಎಳೆದು ಹೊರಗೆ ಹೋಗಿ ಅಂಗಳದಲ್ಲಿ ಎರಡು ಸುತ್ತು ಹಾಕಿ ಬಂದರು.

ಅದು ಎಲ್ಲ ರೋಗಕ್ಕೂ ಮದ್ದಾಗಲಿಲ್ಲ ಎಂಬುದನ್ನೂ ಹೇಳಬೇಕು. ನನ್ನ ತವರಿನ ಓಣಿಯಲ್ಲಿ ನೂಲಿಗೆ ಬಣ್ಣ ಹಾಕುವ ಮನೆಗಳ ಗಟಾರ ವರ್ಷ ವರ್ಷವೂ ಕೊರೆದುಹೋಗುತ್ತಿತ್ತು. ಅಲ್ಲಿ ಒಂದಿಷ್ಟು ದೂರ ಬೂದಿಯ ಕಾಂಕ್ರೀಟು ಹಾಕಿಸಿ ನೋಡಿದೆ. ಬಣ್ಣದ ಮನೆಯ ಆಮ್ಲಕ್ಕೆ ಅದೂ ಸೋತಿತು, ಒಂದೆರಡು ಮಳೆಗಾಲ ತಡವಾಗಿ ಸೋತಿತು ಅಷ್ಟೇ. ಅಪ್ಪ ಮಗ್ಗದ ಕುಣಿಯಿಂದ ತಲೆಯೆತ್ತಿ, "ಓಣ್ಯಾಗ ಹೆಸರು ಕೆಡಿಸಿದಿ ನೋಡವಾ" ಎಂದು ನಕ್ಕರು.

ಇನ್ನು ಪೂಲಿನ ಕಥೆ. ಚಿಮ್ಮಡದ ರಸ್ತೆಯಿಂದ ಒಳಗೆ ಹೊರಳಿದರೆ ಒಂದು ಊರಿದೆ, ಹೆಸರು ಬೇಡ. ಊರಿಗೂ ಡಾಂಬರು ರಸ್ತೆಗೂ ನಡುವೆ ಹಳ್ಳ, ಹಳ್ಳದ ದಂಡೆಗುಂಟ ಸವಳು. ಅಲ್ಲಿದ್ದ ಹಳೆಯ ಪೂಲಿನ ಕಾಲು ಕೊಳೆತು, ಒಂದು ಕಬ್ಬಿನ ಹಂಗಾಮಿನಲ್ಲಿ ಅದು ಟ್ರ್ಯಾಕ್ಟರಿನ ಸಮೇತ ಕುಸಿದಿತ್ತು. ಟ್ರ್ಯಾಕ್ಟರ್ ನಡೆಸುತ್ತಿದ್ದ ಸಿದ್ದಪ್ಪನ ಬಲಗಾಲು ಕಬ್ಬಿಣದ ಕೆಳಗೆ ಸಿಕ್ಕಿತು. ಕಾಲು ಉಳಿಯಿತು, ಕುಂಟು ಉಳಿಯಿತು. ಅವನ ತಂದೆ ಬೀರಪ್ಪ ಕುರಿಗಾರ, ಊರಿನ ಬೀರೇಶ್ವರ ಗುಡಿಯ ಹಿರಿಯ. ಅವನು ಮಾತಾಡಿದರೆ ಊರು ಕೇಳುತ್ತಿತ್ತು.

ಜೋಶಿ ಸಾಹೇಬರು ಹೊಸ ಪೂಲಿಗೆ ಬೂದಿಯ ಕಾಂಕ್ರೀಟೇ ಹಾಕಬೇಕೆಂದು ಮೇಲಿನವರ ಒಪ್ಪಿಗೆ ಪಡೆದರು. ಸುಗ್ಗಿ ಮುಗಿದಿತ್ತು, ಬೀರಪ್ಪನ ಮಂದಿ ಕುರಿ ಹೊಡೆದುಕೊಂಡು ದೂರ ಹೋಗಿದ್ದರು. ಬುಡ ಎದ್ದಿತು, ಗೋಡೆ ಎದ್ದಿತು, ಮಳೆಗಾಲ ಮುಗಿಯುತ್ತ ಬಂದಾಗ ಮೇಲಿನ ಹಾಸಿನ ಕಾಂಕ್ರೀಟನ್ನೂ ಹಾಕಿದೆವು. ಹಾಕಿದ ನಾಲ್ಕಾರು ದಿನಕ್ಕೆ ಕುರಿಗಳು ಊರಿಗೆ ಮರಳಿದವು.

ಕಾಂಕ್ರೀಟು ಒಣಗದೆ ಬಲಿಯಲೆಂದು ಹಾಸಿನ ಮೇಲೆ ಗೋಣಿಯ ಒದ್ದೆ ತಟ್ಟು ಹೊದಿಸುವುದನ್ನು ನಾನು ನೋಡುತ್ತ ನಿಂತಿದ್ದೆ. ಬೀರಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದ. ಬದಿಯಲ್ಲಿ ಉಳಿದಿದ್ದ ಒಂದು ಚೀಲದ ಬಾಯಿ ಬಿಚ್ಚಿ, ಪುಡಿಯನ್ನು ಮೂಸಿ ನೋಡಿದ.

"ಇದೇನ್ರಿ ಬಾಯಾರ?"

"ಬೂದಿ. ಭತ್ತದ ಹೊಟ್ಟಿಂದು."

"ಎದಕ್ಕ ತಂದೀರಿ?"

"ಕಾಂಕ್ರೀಟಿನಾಗ ಹಾಕಾಕ. ಸಿಮೆಂಟ್ ಸ್ವಲ್ಪ ಕಮ್ಮಿ ಮಾಡಿ ಇದನ್ನ ಹಾಕ್ತೀವಿ."

ಇನ್ನೂ ಹೇಳುವುದಿತ್ತು. ಅವನು ಕೇಳಲು ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಊರೇ ಹಳ್ಳದ ದಂಡೆಗೆ ಬಂತು. ಕಾಂಕ್ರೀಟಿನ ಬಣ್ಣ ಮಾಮೂಲಿಗಿಂತ ಕಪ್ಪಗಿತ್ತು, ಅದೇ ಸಾಕ್ಷಿಯಾಯಿತು. "ಸಿಮೆಂಟ್ ಮಾರಿಕೊಂಡ ಬೂದಿ ತುಂಬ್ಯಾರ" ಎಂದು ಒಬ್ಬ ಕೂಗಿದ. "ಒಲಿ ಒಳಗಿನ ಬೂದ್ಯಾಗ ಪೂಲು ಕಟ್ಟತಾರ ಬಾಯಾರ, ಅಡಿಗಿ ಮನಿಯಿಂದ ಸೀದಾ ಇಲ್ಲೇ ಬಂದಾರ" ಎಂದು ಇನ್ನೊಬ್ಬ. ಎಲ್ಲರೂ ನಕ್ಕರು. ಬೀರಪ್ಪ ನಗಲಿಲ್ಲ. ಕುಂಟುತ್ತ ಬಂದು ನಿಂತಿದ್ದ ಸಿದ್ದಪ್ಪನ ತೋಳು ಹಿಡಿದು ನನ್ನ ಎದುರಿಗೆ ತಂದು ನಿಲ್ಲಿಸಿದ.

"ಆ ಪೂಲಿಗೆ ಇವನ ಕಾಲು ಕೊಟ್ಟೇವ್ರಿ. ಈ ಪೂಲಿಗೆ ಏನ್ ಕೊಡೂನು?"

ಲವಣ, ಸುಣ್ಣ, ತೂತು ಎಂದೆಲ್ಲ ಹೇಳಿದರೆ ಆ ಕಾಲಿನ ಮುಂದೆ ಅದು ಏನು? ಮರುದಿನ ಬೆಳಿಗ್ಗೆ ಪೂಲಿನ ಎರಡೂ ಬಾಯಿಗೆ ಜಾಲಿಯ ಮುಳ್ಳುಕಂಟಿ ಜಡಿದಿದ್ದರು.

ಅದೇ ಸುಮಾರಿಗೆ ಜೋಶಿ ಸಾಹೇಬರಿಗೆ ಅಣೆಕಟ್ಟಿನ ಕಡೆ ವರ್ಗವಾಯಿತು. ಹೋಗುವಾಗಲೂ ಕುರ್ಚಿಯ ಬೆನ್ನು ಹಿಡಿದು ನಿಂತೇ ಮಾತಾಡಿದರು. "ಬೂದಿ ಕಾಂಕ್ರೀಟು ಸಾವಕಾಶ ಗಟ್ಟಿ ಆಗ್ತದ. ಅವಸರ ಮಾಡಿ ಕೊಲ್ಲಬ್ಯಾಡ್ರಿ. ನೀರು ಹಾಕೂದು ನಿಲ್ಲಸಬ್ಯಾಡ್ರಿ." ಅವರ ಜಾಗಕ್ಕೆ ಬಂದ ಪಾಟೀಲ ಸಾಹೇಬರು ಕೆಟ್ಟವರಲ್ಲ, ಜಾಗರೂಕರು. ಬಂದ ವಾರದಲ್ಲೇ ಊರಿನವರು ಅವರ ಕೋಣೆ ತುಂಬಿ ಕೂತರು. ಇಪ್ಪತ್ತೆಂಟನೆಯ ದಿನ ಅಚ್ಚು ಒಡೆದೆವು. ಬೇಕಾದ ಗಟ್ಟಿತನಕ್ಕೆ ಕೂದಲೆಳೆಯಷ್ಟು ಕಡಿಮೆ ಬಂತು.

ಪಾಟೀಲ ಸಾಹೇಬರು ಫಲಿತಾಂಶ ಓದಿ ಕನ್ನಡಕ ತೆಗೆದಿಟ್ಟರು. "ಬಾಯಾರ, ಇದು ನೀವೂ ಮಾಡಿದ್ದಲ್ಲ, ನಾನೂ ಮಾಡಿದ್ದಲ್ಲ. ಕೆಲಸಕ್ಕ ಬಾರದು ಅಂತ ಬರೀರಿ. ಒಡದು ಹೊಸಾದು ಹಾಕೂನು. ಊರೂ ತಣ್ಣಗಾಗತೈತಿ, ನಾವೂ ತಣ್ಣಗ ಇರೂನು."

"ಇದು ಇನ್ನೂ ಬಲ್ಯಾಕತ್ತೈತ್ರಿ ಸರ. ತೊಂಬತ್ತು ದಿನಕ್ಕ ನೋಡ್ರಿ. ಆವಾಗ ಕಮ್ಮಿ ಬಂದ್ರ ನಾನ ಬರೀತೀನಿ."

"ಅಲ್ಲೀತನಕ ಊರನ್ನ ಯಾರು ಹಿಡಕೊಂಡಿರತಾರ?"

"ನಾ ಹೋಗ್ತೀನ್ರಿ ಅಲ್ಲಿಗೆ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಒಪ್ಪಿದೆ ಎನ್ನಲಿಲ್ಲ, ಆ ಕಾಗದವನ್ನು ಖಾನೆಯೊಳಗೆ ತಳ್ಳಿ ಇನ್ನೊಂದು ಕಾಗದ ಎಳೆದುಕೊಂಡರು. ಅದೇ ಒಪ್ಪಿಗೆ ಎಂದು ತಿಳಿದುಕೊಂಡೆ.

ಆ ಎರಡು ತಿಂಗಳು ನಾನು ನೆಟ್ಟಗೆ ಉಂಡಿದ್ದು, ಮಲಗಿದ್ದು ನೆನಪಿಲ್ಲ. ಹಂಚಿನ ಮೇಲೆ ರೊಟ್ಟಿ ಹಾಕಿ ಯೋಚನೆಗೆ ಬಿದ್ದರೆ ಹೊತ್ತಿದ ವಾಸನೆ ಬಂದಾಗಲೇ ಎಚ್ಚರ. ವಾರಕ್ಕೆ ಮೂರು ನಾಲ್ಕು ಸಲ ಬನಹಟ್ಟಿಯ ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ ಹಳ್ಳಕ್ಕೆ ಹೋಗಿ ತಟ್ಟುಗಳು ಒಣಗಿವೆಯೇ ಎಂದು ಮುಟ್ಟಿ ನೋಡುತ್ತಿದ್ದೆ. ಗುತ್ತಿಗೆದಾರ ಆಳು ಕಳಿಸುವುದನ್ನು ನಿಲ್ಲಿಸಿದ್ದ. ಒಡೆಯುವ ಪೂಲಿಗೆ ನೀರು ಏಕೆ ಎಂದು ಅವನ ವಾದ. ಕೆನಾಲಿನಿಂದ ನೀರು ತರಲು ಇಬ್ಬರು ಹೆಣ್ಣಾಳುಗಳನ್ನು ನಾನೇ ಹುಡುಕಿದೆ. ದಾರಿಯಲ್ಲಿ ಹೋಗುವವರು, "ಸತ್ತವರ ಬಾಯಿಗೆ ನೀರು ಬಿಡಾಕತ್ತಾರ ನೋಡ್ರಿ" ಎನ್ನುತ್ತಿದ್ದರು.

ಆಮೇಲೆ ಕಬ್ಬಿನ ಹಂಗಾಮು ಶುರುವಾಯಿತು. ಪೂಲಿಗೆ ಮುಳ್ಳು ಹಾಕಿದ್ದರಿಂದ ಟ್ರ್ಯಾಕ್ಟರುಗಳು ಹಳ್ಳದೊಳಗೇ ಇಳಿದು ಏರಬೇಕಾಯಿತು. ಒಂದು ಮಧ್ಯಾಹ್ನ ನನ್ನ ಕಣ್ಣೆದುರಿಗೇ ಒಂದು ಟ್ರೇಲರ್ ಹೂತು ಒಂದು ಬದಿಗೆ ವಾಲಿ, ಕಬ್ಬೆಲ್ಲ ಕೆಸರಿಗೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಆ ಗದ್ದಲದ ನಡುವೆ ಎಲ್ಲರ ಕಣ್ಣು ನನ್ನ ಕಡೆ ತಿರುಗಿತು. ಪೂಲು ಬಿದ್ದರೂ ತಪ್ಪು ನನ್ನದೇ, ಪೂಲು ನಿಂತಿದ್ದಕ್ಕೂ ತಪ್ಪು ನನ್ನದೇ ಎಂಬಂಥ ಸ್ಥಿತಿ. ಮನೆಗೆ ಬಂದು ಯಜಮಾನರ ಮುಂದೆ ಮೊದಲ ಸಲ ಅತ್ತೆ. ಅವರು ಮಗ್ಗ ನಿಲ್ಲಿಸಿ ಬಂದು ಪಕ್ಕಕ್ಕೆ ಕೂತು, "ನಿನಗ ನಂಬಿಕಿ ಐತಿಲ್ಲೋ ಅದರ ಮ್ಯಾಲೆ?" ಎಂದು ಕೇಳಿದರು. ಇದೆ ಎಂದೆ. ಹೇಳಿದ ಮೇಲೆ, ನಿಜವಾಗಿ ಇದೆಯೇ ಎಂದು ನನ್ನನ್ನೇ ಕೇಳಿಕೊಂಡೆ.

ತೊಂಬತ್ತನೆಯ ದಿನ ಅಚ್ಚನ್ನು ಯಂತ್ರದಲ್ಲಿಟ್ಟು ಹಿಂದೆ ಸರಿದೆ. ದಸ್ತಗೀರ ಯಂತ್ರ ಒತ್ತಿದ. ಮಾಪಕದ ಮುಳ್ಳು ಬೇಕಾದ ಗುರುತು ಮುಟ್ಟಿ ನಿಲ್ಲಲಿಲ್ಲ, ದಾಟಿ ಹೋಯಿತು. ಇನ್ನೂ ಹೋಯಿತು. ಆಮೇಲೆ ಅಚ್ಚು ಒಡೆಯಿತು. ಮೂರು ಅಚ್ಚೂ ಹಾಗೆಯೇ. ದಸ್ತಗೀರ ಕೈಯೆತ್ತಿ "ಯಾ ಅಲ್ಲಾ" ಎಂದ. ನಾನು ಮೂರೂ ಅಂಕಿಗಳನ್ನು ಪುಸ್ತಕದಲ್ಲಿ ಬರೆದುಕೊಂಡೆ.

ಆ ಫಲಿತಾಂಶ ಹಿಡಿದು ಪಾಟೀಲ ಸಾಹೇಬರೂ ನಾನೂ ಊರಿಗೆ ಹೋದೆವು. ಬೀರೇಶ್ವರ ಗುಡಿಯ ಕಟ್ಟೆಯ ಮೇಲೆ ಸಭೆ. ಸಾಹೇಬರು ವಿವರಿಸಿದರು. ಬೀರಪ್ಪ ಕೊನೆಯ ತನಕ ಕೇಳಿ ಹೇಳಿದ: "ಯಂತ್ರದಾಗ ಇಟ್ಟ ಒಡದದ್ದು ನಿಮ್ಮ ಕಲ್ಲು, ಸಾಹೇಬ್ರ. ನನ್ನ ಮಗ ಹಾಯೂದು ಆ ಪೂಲಿನ ಮ್ಯಾಲೆ. ಕಲ್ಲಿಂದು ಕಲ್ಲಿಗೆ, ಪೂಲಿಂದು ಪೂಲಿಗೆ."

ಅದು ನ್ಯಾಯವಾದ ಮಾತು. ಪೂಲಿನ ಮೇಲೆಯೇ ಭಾರವಿಟ್ಟು ತೋರಿಸುತ್ತೇವೆ ಎಂದು ಸಾಹೇಬರು ಅಲ್ಲೇ ಒಪ್ಪಿಕೊಂಡರು.

ಕಬ್ಬಿನ ಟ್ರೇಲರುಗಳಲ್ಲಿ ಜಲ್ಲಿಕಲ್ಲಿನ ಖಡಿ ತುಂಬಿ ಒಂದೊಂದಾಗಿ ಹಾಸಿನ ಮೇಲೆ ನಿಲ್ಲಿಸುವುದು. ಹಾಸು ಎಷ್ಟು ಬಾಗುತ್ತದೆ ಎಂದು ಕೆಳಗೆ ಗಡಿಯಾರದಂಥ ಮಾಪಕ ಇಟ್ಟು ನೋಡುವುದು. ಭಾರವನ್ನು ಮರುದಿನದ ತನಕ ಬಿಟ್ಟು ತೆಗೆದಾಗ ಮುಳ್ಳು ತನ್ನ ಜಾಗಕ್ಕೆ ಮರಳಬೇಕು. ಮಾಪಕ ಓದುವವರು ಪೂಲಿನ ಕೆಳಗೇ ಇರಬೇಕು. ಸಾಹೇಬರು, "ದಸ್ತಗೀರನ್ನ ಕಳಸ್ರಿ" ಎಂದರು. ನಾನು ಸೆರಗು ಸಿಕ್ಕಿಸಿಕೊಂಡು ಇಳಿದೆ. ಧೈರ್ಯದಿಂದಲ್ಲ. ಮೇಲೆ ನಿಂತು ಕಾಯುವುದು ನನ್ನಿಂದ ಆಗುತ್ತಿರಲಿಲ್ಲ.

ಮೊದಲ ಟ್ರೇಲರ್ ಬಂತು. ಮುಳ್ಳು ಅಲುಗಿತು. ಎರಡನೆಯದನ್ನು ತರಬೇಕಾದ ಡ್ರೈವರ್ ಇಳಿದುಬಿಟ್ಟ, ನಾನು ಒಲ್ಲೆ ಎಂದ. ಮೇಲೆ ಗುಜುಗುಜು. ಸಿದ್ದಪ್ಪನ ದನಿ ಕೇಳಿತು, "ಸರೀರಿ, ನಾ ಹೊಡೀತೀನಿ." ಬೀರಪ್ಪ ಕೂಗಿದ, "ಲೇ, ಇಳಿಯಲೇ! ಒಮ್ಮೆ ಆದದ್ದು ಸಾಲಲಿಲ್ಲೇನು?" ಟ್ರ್ಯಾಕ್ಟರಿನ ಸದ್ದು ಶುರುವಾಯಿತು. ಗಾಲಿ ಹಾಸಿನ ಮೇಲೆ ಏರಿದ ನಡುಕ, ಗೋಡೆಗೆ ಆನಿಸಿದ್ದ ನನ್ನ ಬೆನ್ನಿಗೆ ಬಂತು.

ಅಷ್ಟರಲ್ಲಿ ದಂಡೆಯ ಮಣ್ಣು ಜಾರಿತು. ನೋಡಿದರೆ ಬೀರಪ್ಪ ಕಂಬಳಿ ಹಿಡಿದುಕೊಂಡು ಕೆಳಗೆ ಇಳಿದು ಬರುತ್ತಿದ್ದಾನೆ. ಬಂದವನೇ ನನ್ನ ಪಕ್ಕಕ್ಕೆ ಕುಕ್ಕರುಗಾಲಿನಲ್ಲಿ ಕೂತ.

"ನೀವ್ಯಾಕ ಬಂದ್ರಿ? ಮ್ಯಾಲೆ ಹೋಗ್ರಿ" ಎಂದೆ.

"ಮ್ಯಾಲೆ ನನ್ನ ಮಗ ಅದಾನ. ಬಿದ್ರ ಇಬ್ರೂ ಕೂಡೇ ಇರ್ತೀವಿ." ಮಾಪಕದ ಕಡೆ ಬಗ್ಗಿ ಕೇಳಿದ, "ಆ ಮುಳ್ಳು ಏನನ್ನಾಕತ್ತೈತ್ರಿ?"

"ಬಾಗೇತಿ. ಬಾಗಬೇಕಾದಷ್ಟ ಬಾಗೇತಿ."

"ಇನ್ನೊಂದು ಗಾಡಿ ಬಂದ್ರ?"

"ಇನ್ನಷ್ಟು ಬಾಗತೈತಿ."

"ಮುರದ್ರ?"

"ಮೊದಲ ಬಿರುಕು ಬಿಡತೈತಿ. ಹಾಸಿನ ಕೆಳಗ ನೋಡಕೋತ ಇರ್ರಿ. ಕೂದಲಿನಂಥ ಗೆರಿ ಕಂಡ್ರ ನಂಗ ಹೇಳ್ರಿ."

ಅವನು ಕತ್ತೆತ್ತಿ ಹಾಸಿನ ತಳವನ್ನು ನೋಡತೊಡಗಿದ. ಮೂರನೆಯದು ಬಂತು, ನಾಲ್ಕನೆಯದು ಬಂತು. ನಾನು ಮುಳ್ಳು ನೋಡಿದೆ, ಅವನು ಕಾಂಕ್ರೀಟು ನೋಡಿದ. ಹಳ್ಳದ ನೀರು ಕಾಲಡಿ ಹರಿಯುತ್ತಿತ್ತು. ಕೊನೆಗೆ ಮೇಲಿನಿಂದ ಸಾಹೇಬರು, "ಎಲ್ಲಾ ಇಟ್ಟಾತು" ಎಂದು ಕೂಗಿದರು. ಬೀರಪ್ಪ ಎರಡೂ ಕೈ ನೆಲಕ್ಕೆ ಊರಿ, "ಗೆರಿ ಕಾಣಲಿಲ್ರಿ. ಮೊಣಕಾಲು ಹಿಡದಾವು, ಎಬ್ಬಸ್ರಿ" ಎಂದ. ನಾನು ಕೈ ಕೊಟ್ಟು ಎಬ್ಬಿಸಿದೆ.

ಮರುದಿನ ಭಾರ ಇಳಿಸಿದಾಗಲೂ ಯಾರೂ ಕರೆಯದೆ ಬಂದು ಕೆಳಗೆ ಕೂತ. ಮುಳ್ಳು ಹಿಂದಕ್ಕೆ ಸರಿಯುತ್ತ ಸರಿಯುತ್ತ ಹೆಚ್ಚುಕಡಿಮೆ ಹೊರಟ ಜಾಗಕ್ಕೇ ಬಂದು ನಿಂತಿತು. ಅವನು ಮೇಲೆ ಹೋಗಿ ತನ್ನ ಕೈಯಿಂದಲೇ ಮುಳ್ಳುಕಂಟಿ ಎಳೆದು ಹಳ್ಳಕ್ಕೆ ಎಸೆದ. ಅವತ್ತೇ ಅವನ ಕುರಿ ಆ ಪೂಲಿನ ಮೇಲೆ ಹಾದವು.

ಕಥೆ ಇಲ್ಲಿಗೆ ಮುಗಿಯಿತು ಎಂದು ನೀವು ತಿಳಿದರೆ ನನ್ನ ಕೆಲಸ ನಿಮಗೆ ಅರ್ಥವಾಗಿಲ್ಲ. ಭಾರ ಹೊತ್ತಿತು ಎಂದರೆ ಅವತ್ತು ಹೊತ್ತಿತು. ಸವಳು ಅವಸರ ಮಾಡುವುದಿಲ್ಲ, ಬುಡದಿಂದ ನಿಧಾನವಾಗಿ ತಿನ್ನುತ್ತದೆ. ಪ್ರತಿ ಮಳೆಗಾಲದ ಕೊನೆಗೆ ನಾನು ಹೋಗಿ ಸಣ್ಣ ಸುತ್ತಿಗೆಯಿಂದ ಬುಡ ಬಡಿದು ನೋಡುತ್ತಿದ್ದೆ. ಟಣ್ ಎಂದರೆ ಒಂದು ವರ್ಷದ ನೆಮ್ಮದಿ, ಅದೂ ಮುಂದಿನ ಮಳೆ ಬೀಳುವ ತನಕ. ಬೀಳಗಿಗೆ ವರ್ಗವಾದಾಗಲೂ ಬರುತ್ತಿದ್ದೆ. ಸಿದ್ದಪ್ಪ ತನ್ನ ಹೊಲದಿಂದ ಕಂಡವನೇ ಎದ್ದು ಬಂದು, "ಏನಂತೈತ್ರಿ ನಿಮ್ಮ ಕೂಸು?" ಎನ್ನುತ್ತಿದ್ದ.

ಪೂಲು ನಿಂತ ಸುದ್ದಿ ಹಬ್ಬಿ ಅದರಿಂದ ಇನ್ನೊಂದು ಪೀಡೆ ಹುಟ್ಟಿತು. ಬೀಳಗಿಯ ಕಡೆ ಒಬ್ಬ ಗುತ್ತಿಗೆದಾರ ಯಾರಿಗೂ ಹೇಳದೆ ಯಾವುದೋ ಭಟ್ಟಿಯ ಹಸಿಬಿಸಿ ಬೂದಿಯನ್ನು ಜರಡಿಯನ್ನೂ ಹಿಡಿಯದೆ ಗಟಾರದ ಗೋಡೆಗೆ ತುಂಬಿದ್ದ. "ನೀವ ಹಾಕೀರಲ್ರಿ ಬಾಯಾರ, ಬೂದಿ ಬೂದಿನ ಅಲ್ಲೇನ್ರಿ?" ಎಂದ. ಆ ಗೋಡೆಯನ್ನು ನಿಂತು ಒಡೆಸಿದೆ. ಹಿಂದೆ ಬೂದಿ ಎಂದರೆ ಮೋಸ ಎನ್ನುತ್ತಿದ್ದವರಿಗಿಂತ, ಯಾವ ಬೂದಿಯಾದರೂ ನಡೆಯುತ್ತದೆ ಎನ್ನುವವರು ನನ್ನನ್ನು ಹೆಚ್ಚು ಹೆದರಿಸಿದರು.

ಬರಬರುತ್ತ ಕಾರ್ಖಾನೆಯಲ್ಲೇ ಕಲ್ಲಿದ್ದಲಿನ ಬೂದಿ ಬೆರೆಸಿದ ಸಿಮೆಂಟು ಚೀಲದಲ್ಲಿ ಬರತೊಡಗಿತು. ಅವತ್ತು ನನ್ನನ್ನು ಬೈದವರೇ ಅದರಲ್ಲಿ ಮನೆ ಕಟ್ಟಿಕೊಂಡರು, ಒಳಗೆ ಏನಿದೆ ಎಂದು ಯಾರೂ ಕೇಳಲಿಲ್ಲ. ಭತ್ತದ ಹೊಟ್ಟು ತರಿಸಿ, ಸುಡಿಸಿ, ಅರೆಸುವ ತಾಪತ್ರಯವನ್ನು ಇಲಾಖೆ ಕೈಬಿಟ್ಟಿತು. ನಮ್ಮ ಭಾಗದಲ್ಲಿ ಹಾಗೆ ಕಟ್ಟಿದ್ದು ನಾನು ಬಲ್ಲಂತೆ ಆ ಒಂದೇ ಪೂಲು.

ನಾನು ನಿವೃತ್ತಳಾದ ಮೇಲೆ ಒಂದು ಬೆಳಿಗ್ಗೆ ಸಿದ್ದಪ್ಪನ ಫೋನು ಬಂತು. ಬೀರಪ್ಪ ಆಗಲೇ ತೀರಿಕೊಂಡಿದ್ದ.

"ಬಾಯಾರ, ರಸ್ತೆ ಅಗಲ ಮಾಡತಾರಂತ್ರಿ. ನಮ್ಮ ಪೂಲು ಒಡ್ಯಾಕ ಮಷಿನ್ ಬಂದೈತಿ."

ಮನೆಯಲ್ಲಿಟ್ಟುಕೊಂಡಿದ್ದ ಪರೀಕ್ಷೆಯ ದ್ರಾವಣದ ಸೀಸೆಯನ್ನು ಚೀಲಕ್ಕೆ ಹಾಕಿ, ಚಪ್ಪಲಿ ಸಿಕ್ಕಿಸಿಕೊಂಡು ಹೊರಟೆ. ನಾನು ಹೋಗುವಷ್ಟರಲ್ಲಿ ಹಾಸಿನ ಒಂದು ಮಗ್ಗುಲೂ ಅದರ ಕೆಳಗಿನ ಗೋಡೆಯ ಬುಡವೂ ಒಡೆದಿದ್ದವು. ಯಂತ್ರದ ಡ್ರೈವರ್ ಬೆವರು ಒರೆಸಿಕೊಳ್ಳುತ್ತ ಮೊಂಡಾದ ಉಳಿ ಬದಲಿಸುತ್ತಿದ್ದ. ನನಗೆ ಸಂತೋಷವಾಗಲಿಲ್ಲ, ದುಃಖವೂ ಆಗಲಿಲ್ಲ. ಒಳಗೆ ನೋಡಬೇಕೆಂಬ ಆತುರ ಮಾತ್ರ. ಬದುಕಿರುವ ಕಾಂಕ್ರೀಟಿನ ಹೊಟ್ಟೆಯೊಳಗೆ ಏನಾಗುತ್ತಿದೆ ಎಂದು ಇಷ್ಟು ವರ್ಷ ಬರೀ ಸದ್ದಿನಿಂದ ಊಹಿಸಿದ್ದೆ.

ಹೊಸ ಕೆಲಸದ ಮೇಲೆ ಸವಿತಾ ಎಂಬ ಹುಡುಗಿ ಎಂಜಿನಿಯರ್ ಇದ್ದಳು. ನಾನು ಯಾರೆಂದು ಸಿದ್ದಪ್ಪ ಹೇಳಿದ ಮೇಲೆ ಯಂತ್ರ ನಿಲ್ಲಿಸಿ, ನನ್ನ ಕೈ ಹಿಡಿದು ಕೆಳಗೆ ಇಳಿಸಿದಳು. ಸವಳು ನೀರು ನಿಲ್ಲುವ ಬುಡದ ಕಡೆ ಆಗಷ್ಟೇ ಒಡೆದ ಭಾಗಕ್ಕೆ, ತಂದಿದ್ದ ಸೀಸೆಯ ದ್ರಾವಣ ಚಿಮುಕಿಸಿದೆ. ಕಾಂಕ್ರೀಟಿನಲ್ಲಿ ಕಬ್ಬಿಣವನ್ನು ಕಾಯುವ ಗುಣ ಉಳಿದಿದ್ದರೆ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹೊರಗಿನ ತೆಳು ಪದರು ಹಾಗೆಯೇ ಉಳಿಯಿತು. ಅದರಿಂದ ಒಳಗೆಲ್ಲ ಗುಲಾಬಿ. ಸರಳುಗಳು ಭಟ್ಟಿಯಿಂದ ಬಂದ ದಿನದ ಹಾಗೆ ನೀಲಿಗಪ್ಪು. ಸವಿತಾ ಬೆರಳಿನಿಂದ ಸವರಿ, "ಜಂಗು ಹಿಡದ ಇಲ್ಲಲ್ರಿ ಮೇಡಂ!" ಎಂದಳು.

ಒಂದು ಕಡೆ ತುಕ್ಕು ಹಿಡಿದಿತ್ತು. ಪಕ್ಕದ ಗೋಡೆಯ ಮೂಲೆಯಲ್ಲಿ ಸರಳಿನ ಮೇಲಿನ ಕಾಂಕ್ರೀಟಿನ ಹೊದಿಕೆ ಬೆರಳಷ್ಟೂ ಇರಲಿಲ್ಲ. ಅಲ್ಲಿ ಕಬ್ಬಿಣ ಕೆಂಪಾಗಿ ಉಬ್ಬಿತ್ತು. ಬೂದಿ ಅದನ್ನು ಉಳಿಸಿರಲಿಲ್ಲ. ಅದನ್ನೂ ಅವಳಿಗೆ ತೋರಿಸಿದೆ.

ಸಿದ್ದಪ್ಪ ಮೇಲಿನಿಂದ ಕೇಳಿದ, "ಈಗ ಸಮಾಧಾನ ಆತೇನ್ರಿ ಬಾಯಾರ?"

"ಇಷ್ಟ ವರ್ಷಕ್ಕ ಏನೂ ಆಗಿಲ್ಲ ಅಂತ ಗೊತ್ತಾತು. ಇನ್ನೂ ಎಷ್ಟ ಬಾಳತಿತ್ತು ಅಂತ ಇನ್ ಮ್ಯಾಲೆ ಯಾರಿಗೂ ಗೊತ್ತಾಗೂದಿಲ್ಲೋ."

ಹೊಸ ಪೂಲಿನ ಬುಡ ಅಲ್ಲೇ ಪಕ್ಕದಲ್ಲಿ, ಅದೇ ಸವಳಿನಲ್ಲಿ ಎದ್ದಿತ್ತು. ಕಾಂಕ್ರೀಟು ಹಾಕಿ ಎರಡು ದಿನವಾಗಿತ್ತು. ಎಷ್ಟು ದಿನ ನೀರು ಹಾಕುತ್ತೀರಿ ಎಂದು ಕೇಳಿದೆ. ಸವಿತಾ ಹತ್ತು ದಿನ ಎಂದಳು. ಬೂದಿ ಬೆರೆತ ಸಿಮೆಂಟಿಗೆ, ಈ ನೆಲದಲ್ಲಿ, ಅದು ಸಾಲದು ಎಂದೆ. "ನಂಗೂ ಅನಸ್ತೈತ್ರಿ. ಆದ್ರ ಆಮ್ಯಾಲೆ ಆಳು ಕೊಡೂದಿಲ್ಲ ಅಂತಾರ" ಎಂದು ಅವಳು ತಲೆ ತಗ್ಗಿಸಿದಳು.

"ಅವರು ಹತ್ತ ದಿನ ಹಾಕ್ಲಿ ಬಿಡ್ರಿ. ಆಮ್ಯಾಲೆ ನಮ್ಮ ಮೋಟರ್ ಐತಿ" ಎಂದ ಸಿದ್ದಪ್ಪ. ನಾನು ಬಾಯಿ ತೆರೆಯುವ ಮೊದಲೇ, "ಬಾವಿ ಸವಳು ನೀರಲ್ರಿ, ಕೆನಾಲಿಂದು" ಎಂದು ಸೇರಿಸಿದ.

ಮೂರು ವಾರ ಬಿಟ್ಟು, ಮುಧೋಳದಲ್ಲಿ ಕೆಲಸವಿದೆ ಎಂದು ಮನೆಯಲ್ಲಿ ಹೇಳಿ, ಅಲ್ಲಿಗೆ ಹೋದೆ. ಆಳುಗಳು ಯಾರೂ ಇರಲಿಲ್ಲ. ಸಿದ್ದಪ್ಪನ ಹೊಲದಿಂದ ಹಸಿರು ಪೈಪು ಬಂದು ಬುಡದ ಮೇಲೆ ಸಣ್ಣಗೆ ನೀರು ಬಿಡುತ್ತಿತ್ತು. ಹೊದಿಸಿದ ತಟ್ಟುಗಳಿಂದ ನೀರು ತೊಟ್ಟಿಕ್ಕುತ್ತಿತ್ತು, ದೂರದಿಂದಲೇ ಕಾಣುತ್ತಿತ್ತು. ಆದರೂ ಇಳಿದು ಹೋಗಿ, ಒಂದು ತಟ್ಟು ಎತ್ತಿ, ಕೆಳಗೆ ಕೈಯಿಟ್ಟು ನೋಡಿದೆ.